ಮೂಲೆ ಸೇರಿದ ಕಂಪ್ಯೂಟರ್ ಮತ್ತು ನಮ್ಮ ಅಮಾನತ್

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಹಲವರ ಮನೆಯ ಮೂಲೆಯಲ್ಲಿ ಹಳೆಯ ಬಟ್ಟೆ ಹೊದ್ದು ಕುಳಿತಿರುವ ಕೆಟ್ಟ ಕಂಪ್ಯೂಟರಿನ ಬಗ್ಗೆ ನಾಲ್ಕು ಮಾತು ಹೇಳಲು ಬಂದಿದ್ದೇನೆ.

ನಮ್ಮ ಮನೆಯಲ್ಲೂ ಒಂದಿತ್ತು. 2008ರಲ್ಲಿ ಅಣ್ಣ ಕೊಂಡದ್ದು. ನನ್ನ ಬಿ.ಎಡ್. ಪಾಠಯೋಜನೆಗಳೆಲ್ಲ ಅದರಲ್ಲೇ ತಯಾರಾದವು. ಕನ್ನಡಕ್ಕೆ ನುಡಿ, ಉರ್ದುವಿಗೆ ಇನ್‌ಪೇಜ್. ಒಂದು ದಿನ ಗುಂಡಿ ಒತ್ತಿದರೆ ಉಸಿರೇ ಇಲ್ಲ. ವರ್ಷಗಟ್ಟಲೆ ಹಾಗೇ ಕುಳಿತಿತು. ಕಳೆದ ವರ್ಷ ಗುಜರಿಯವರು ಬಂದಾಗ ಅಮ್ಮಿ, "ಕೊಟ್ಟುಬಿಡು ಬೇಟಾ, ಜಾಗವಾದರೂ ಆದೀತು" ಎಂದರು. ಮುನ್ನೂರು ರೂಪಾಯಿಗೆ ಮಾತಾಯಿತು. ಗಾಡಿಗೆ ಏರಿಸುವಾಗ ತಟ್ಟನೆ ನೆನಪಾಯಿತು: ಅದರೊಳಗೆ ನಮ್ಮ ಬೀದಿಯ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗಳಿವೆ! ಭಾವಚಿತ್ರ, ಆಧಾರ್, ಆದಾಯ ಪ್ರಮಾಣಪತ್ರ, ತಾಯಂದಿರ ಬ್ಯಾಂಕ್ ಪಾಸ್‌ಬುಕ್. ನನ್ನನ್ನು ನಂಬಿ ಕೊಟ್ಟ ಕಾಗದಗಳು. ಇದನ್ನೇ ನಾವು ಅಮಾನತ್ ಎನ್ನುವುದು. "ಭಾಯಿ, ಸ್ವಲ್ಪ ತಡೆಯಿರಿ" ಎಂದು ಇಳಿಸಿಕೊಂಡೆ.

ಆದ್ದರಿಂದ ಮೊದಲ ಮಾತು: ಕಂಪ್ಯೂಟರ್ ಕೆಟ್ಟರೂ ಅದರ ಹಾರ್ಡ್ ಡಿಸ್ಕ್ ಬದುಕಿರಬಹುದು. ನನ್ನ ಯಂತ್ರದಲ್ಲಿ ಮದರ್‌ಬೋರ್ಡಿನ ಕೆಪಾಸಿಟರ್‌ಗಳು ಉಬ್ಬಿದ್ದವು, ಡಿಸ್ಕ್ ಚೆನ್ನಾಗಿತ್ತು. ಅದನ್ನು ಬಿಚ್ಚಿ ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಬಹುದು. ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕಿಗೆ 12 ವೋಲ್ಟಿನ ಪ್ರತ್ಯೇಕ ವಿದ್ಯುತ್ ಬೇಕೆಂಬುದು ನೆನಪಿರಲಿ. ಬೇಕಾದ ಕಡತಗಳನ್ನು ತೆಗೆದುಕೊಳ್ಳಿ. ಹಳೆಯ ನುಡಿ ಮತ್ತು ಇನ್‌ಪೇಜ್ ಬರಹಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಇಡಿ. ಬಳಿಕ ಡಿಸ್ಕನ್ನು ಅಳಿಸಿ. ಡಿಲೀಟ್ ಮಾಡಿದರೆ ಪುಸ್ತಕದ ಪರಿವಿಡಿ ಹರಿದಂತೆ ಅಷ್ಟೆ, ಪುಟಗಳು ಒಳಗೇ ಇರುತ್ತವೆ. ಇಡೀ ಡಿಸ್ಕಿನ ಮೇಲೆ ಬೇರೆ ದತ್ತಾಂಶ ಬರೆಸಬೇಕು; ಆಗದಿದ್ದರೆ ಒಳಗಿನ ತಟ್ಟೆಗಳನ್ನೇ ಹಾಳುಗೆಡವಬೇಕು.

ಎರಡನೆಯದು, ದುರಸ್ತಿ. ಕೆಲವೊಮ್ಮೆ ರೋಗ ಚಿಕ್ಕದು. ರ‍್ಯಾಮಿನ ಅಂಚನ್ನು ರಬ್ಬರಿನಿಂದ ಉಜ್ಜಿದರೆ, ನಾಣ್ಯದಂಥ ಸಿಆರ್2032 ಬ್ಯಾಟರಿ ಬದಲಿಸಿದರೆ ಎದ್ದು ಕೂರುವುದುಂಟು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತೆಂದು ನಡೆಯುವ ಯಂತ್ರವನ್ನು ಎಸೆಯಬೇಡಿ. ಹಗುರವಾದ ಲಿನಕ್ಸ್ ಹಾಕಿ ನೋಡಿ. ನೆರೆಯ ಕೇರಳದ ಶಾಲೆಗಳಲ್ಲಿ ಲಿನಕ್ಸ್ ಬಹುಕಾಲದಿಂದ ಬಳಕೆಯಲ್ಲಿದೆ.

ಮೂರನೆಯದು, ದಾನ. ಹಿರಿಯರು ಕ್ಷಮಿಸಬೇಕು. ನಮಗೆ ಬೇಡವಾದ ಸತ್ತ ಯಂತ್ರವನ್ನು ಶಾಲೆಗೆ ಕೊಟ್ಟು ಫೋಟೋ ತೆಗೆಸಿಕೊಳ್ಳುವುದು ದಾನವಲ್ಲ, ನಮ್ಮ ಮನೆಯ ಕಸವನ್ನು ಬಡವರ ಕೋಣೆಗೆ ಸಾಗಿಸುವುದು. ಸರಿಪಡಿಸಿ ಕೊಡಿ, ಅಥವಾ "ಇದು ಕೆಟ್ಟಿದೆ, ಮಕ್ಕಳು ಬಿಚ್ಚಿ ಕಲಿಯಲಿ" ಎಂದು ಹೇಳಿ ಕೊಡಿ.

ಕೊನೆಯದು ಗುಜರಿ. ಹಳೆಯ ಡಬ್ಬಿಯಂಥ ಮಾನಿಟರಿನ ಗಾಜಿನಲ್ಲಿ ಸೀಸವಿದೆ. ತಾಮ್ರಕ್ಕಾಗಿ ವೈರು ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹೊರಬರುತ್ತದೆ. ಆ ಹೊಗೆ ಕುಡಿಯುವವರು ಯಾರು? ನಮ್ಮ ಬೀದಿಯ, ಶಾಲೆ ಬಿಟ್ಟ ಹುಡುಗರೇ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಮರುಬಳಕೆದಾರರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಅಂಥವರಿಗೇ ಒಪ್ಪಿಸಿ. ಒಬ್ಬೊಬ್ಬರಿಗೆ ಇದು ಕಷ್ಟ. ಸಂಸ್ಥೆಯೇ ವರ್ಷಕ್ಕೊಂದು ದಿನ ಎಲ್ಲರಿಂದ ಸಂಗ್ರಹಿಸಿ ಕಳುಹಿಸಲೆಂದು ಈ ವೇದಿಕೆಯಿಂದ ವಿನಂತಿಸುತ್ತೇನೆ.

ನನ್ನ ಕಂಪ್ಯೂಟರಿನ ಪೆಟ್ಟಿಗೆಯನ್ನು ಒಂಬತ್ತನೆಯ ತರಗತಿಯ ಮಕ್ಕಳು ಬಿಚ್ಚಿ ಕಲಿತರು. ಮಾನಿಟರನ್ನು ಮಾತ್ರ ಮುಟ್ಟಗೊಡಲಿಲ್ಲ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಅಪಾಯಕರ ವಿದ್ಯುತ್ ಉಳಿದಿರಬಹುದು. ಮುನ್ನೂರು ರೂಪಾಯಿ ಕೈತಪ್ಪಿತೆಂದು ಅಮ್ಮಿ ಈಗಲೂ ಛೇಡಿಸುತ್ತಾರೆ. ಆದರೆ ಪಾಸ್‌ಬುಕ್ ಕೊಟ್ಟಿದ್ದ ಆ ತಾಯಂದಿರು ಬೀದಿಯಲ್ಲಿ ಎದುರಾದಾಗ ನಾನು ತಲೆಯೆತ್ತಿ ಸಲಾಂ ಹೇಳಬಲ್ಲೆ.