ಕುಡಗೋಲು ಕಣಗಳ ಲೆಕ್ಕ

ಆಫ್ರಿಕಾದ ನಕ್ಷೆ ತೆಗೆದು ಕೀನ್ಯಾ ದೇಶ ಎಲ್ಲಿದೆ ಅಂತ ಹುಡುಕಿ. ಪೂರ್ವಕ್ಕೆ ಹಿಂದೂ ಮಹಾಸಾಗರ, ಅದರ ದಡದಲ್ಲಿ ಮೊಂಬಾಸಾ ಬಂದರು. ಪಶ್ಚಿಮದ ಅಂಚಿನಲ್ಲಿ ಸಮುದ್ರದಷ್ಟೇ ವಿಶಾಲವಾಗಿ ಕಾಣುವ ವಿಕ್ಟೋರಿಯಾ ಸರೋವರ. ನಡುವೆ ತಂಪಾದ ಎತ್ತರದ ನಾಡು. ಅಲ್ಲಿರುವ ಕೀನ್ಯಾ ಪರ್ವತ ಐದು ಸಾವಿರ ಮೀಟರಿಗೂ ಎತ್ತರ. ಭೂಮಧ್ಯರೇಖೆಯ ಮಗ್ಗುಲಲ್ಲೇ ಇದ್ದರೂ ಅದರ ತುದಿಯಲ್ಲಿ ಹಿಮವಿದೆ.

1949ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಈ ಪರ್ವತದ ಗಿಡ, ಪ್ರಾಣಿಗಳ ಅಧ್ಯಯನಕ್ಕೆ ಹೊರಟಿತು. ಅದರಲ್ಲಿ ಆಂಟನಿ ಆಲಿಸನ್ ಎಂಬ ವೈದ್ಯಕೀಯ ವಿದ್ಯಾರ್ಥಿ ಇದ್ದರು. ಬೆಳೆದದ್ದು ಕೀನ್ಯಾದಲ್ಲೇ ಆದ್ದರಿಂದ ಅವರಿಗೆ ಅಲ್ಲಿನ ಊರುಗಳೂ ಜನರೂ ಚೆನ್ನಾಗಿ ಗೊತ್ತು. ಗಿಡಮರಗಳ ಜೊತೆಗೆ ಜನರ ರಕ್ತವನ್ನೂ ಪರೀಕ್ಷಿಸೋಣ ಎಂದು ಅವರು ಬೇರೆ ಬೇರೆ ಬುಡಕಟ್ಟುಗಳ ಜನರಿಂದ ಒಂದೊಂದು ಹನಿ ರಕ್ತ ತೆಗೆದು ನೋಡತೊಡಗಿದರು.

ನಮ್ಮ ರಕ್ತದ ಕೆಂಪು ಕಣಗಳು ದುಂಡಗೆ, ನಡುವೆ ಸ್ವಲ್ಪ ತಗ್ಗಾಗಿ ಇರುತ್ತವೆ. ಕೆಲವರ ರಕ್ತದಲ್ಲಿ ಆಮ್ಲಜನಕ ಕಡಿಮೆಯಾದ ಕೂಡಲೇ ಇದೇ ಕಣಗಳು ಬಾಗಿ, ಹುಲ್ಲು ಕೊಯ್ಯುವ ಕುಡಗೋಲಿನ ಆಕಾರಕ್ಕೆ ತಿರುಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಆಲಿಸನ್ ಎಣಿಸುತ್ತಾ ಹೋದಂತೆ ಒಂದು ವಿಚಿತ್ರ ಎದುರಾಯಿತು. ಸಮುದ್ರದ ದಡದಲ್ಲೂ ಸರೋವರದ ದಡದಲ್ಲೂ ನೂರು ಜನರಲ್ಲಿ 20ಕ್ಕಿಂತ ಹೆಚ್ಚು ಮಂದಿಯ ರಕ್ತ ಹೀಗೆ ಬಾಗುತ್ತಿತ್ತು. ನಡುವಿನ ಎತ್ತರದ ನಾಡಿನಲ್ಲಿ ನೂರಕ್ಕೆ ಒಬ್ಬರೂ ಸಿಗುತ್ತಿರಲಿಲ್ಲ.

ಯಾಕೆ ಹೀಗೆ? ಉತ್ತರ ಹುಡುಕುವ ಮೊದಲು ಈ ಕಾಯಿಲೆಯ ಬಗ್ಗೆ ಸ್ವಲ್ಪ ತಿಳಿದುಕೊಳ್ಳೋಣ.

ಕುಡಗೋಲು ಕಣ ರಕ್ತಹೀನತೆಯನ್ನು, ಆಸ್ಪತ್ರೆಗಳಲ್ಲಿ ಹೇಳುವಂತೆ ಸಿಕಲ್ ಸೆಲ್ ಅನೀಮಿಯಾವನ್ನು, ಮೊದಲು ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದವರು ಷಿಕಾಗೊ ನಗರದ ವೈದ್ಯ ಜೇಮ್ಸ್ ಹೆರಿಕ್. ಅದು 1910ರಲ್ಲಿ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಆಗ ಮೂಳೆ, ಎದೆ, ಹೊಟ್ಟೆಯಲ್ಲಿ ತಡೆಯಲಾರದ ನೋವು. ಈ ಕಣಗಳು ಬೇಗ ಒಡೆದುಹೋಗುವುದರಿಂದ ರಕ್ತ ಸದಾ ಕಡಿಮೆ. ಆಲಿಸನ್ ಕೆಲಸ ಮಾಡುತ್ತಿದ್ದ ಕಾಲದ ಆಫ್ರಿಕಾದಲ್ಲಿ ಈ ಕಾಯಿಲೆಯ ಮಕ್ಕಳಲ್ಲಿ ಹೆಚ್ಚಿನವರು ದೊಡ್ಡವರಾಗುವ ಮೊದಲೇ ತೀರಿಕೊಳ್ಳುತ್ತಿದ್ದರು.

ಇದು ಅಂಟುಜಾಡ್ಯವಲ್ಲ. ಜೊತೆಗೆ ಕೂತರೆ, ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ವಂಶವಾಹಿಯ ಮೂಲಕ ಹುಟ್ಟಿನಿಂದಲೇ ಬರುತ್ತದೆ. ಕೆಂಪು ಕಣದೊಳಗಿನ ಹಿಮೋಗ್ಲೋಬಿನ್ ತಯಾರಿಸಲು ಬೇಕಾದ ಒಂದು ವಂಶವಾಹಿಯ ಎರಡು ಪ್ರತಿಗಳು ನಮ್ಮೆಲ್ಲರಲ್ಲೂ ಇವೆ, ಒಂದು ಅಪ್ಪನದು, ಇನ್ನೊಂದು ಅಮ್ಮನದು. ಎರಡೂ ಕುಡಗೋಲು ಬಗೆಯವಾದರೆ ಕಾಯಿಲೆ ಬರುತ್ತದೆ. ಒಂದು ಮಾತ್ರ ಆ ಬಗೆಯದಾಗಿ ಇನ್ನೊಂದು ಸರಿಯಾಗಿದ್ದರೆ ಆ ವ್ಯಕ್ತಿ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಅವರನ್ನು ವಾಹಕರು ಅನ್ನುತ್ತೇವೆ. ಆಲಿಸನ್ ಎಣಿಸಿದ್ದು ಹೆಚ್ಚಾಗಿ ಇಂಥ ವಾಹಕರನ್ನೇ.

ಅಪ್ಪ, ಅಮ್ಮ ಇಬ್ಬರೂ ವಾಹಕರು ಅಂದುಕೊಳ್ಳಿ. ಇಬ್ಬರೂ ಒಂದೊಂದು ನಾಣ್ಯ ಚಿಮ್ಮಿದಂತೆ ಎರಡು ಪ್ರತಿಗಳಲ್ಲಿ ಒಂದನ್ನು ಮಗುವಿಗೆ ಕೊಡುತ್ತಾರೆ. ಎರಡು ನಾಣ್ಯಗಳೂ ಟೇಲ್ ಬೀಳುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮಗುವಿಗೆ ಕಾಯಿಲೆ ಬರುವ ಸಾಧ್ಯತೆಯೂ ಅಷ್ಟೇ. ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ‘ಮೊದಲ ಮಗುವಿಗೆ ಬಂದುಬಿಟ್ಟಿತಲ್ಲ, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ’ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ನಾಣ್ಯಕ್ಕೆ ಹಿಂದೆ ಬಿದ್ದದ್ದು ನೆನಪಿರುವುದಿಲ್ಲ. ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದರ ಲೆಕ್ಕ ಹೊಸದಾಗಿಯೇ ಶುರುವಾಗುತ್ತದೆ. ಇದರಲ್ಲಿ ಅಮ್ಮನ ತಪ್ಪೂ ಇಲ್ಲ, ಅಪ್ಪನ ತಪ್ಪೂ ಇಲ್ಲ.

ಈಗ ಆಲಿಸನ್ ಅವರ ಒಗಟು ಎಷ್ಟು ಕಠಿಣ ಅಂತ ನಿಮಗೆ ಅರ್ಥವಾಗುತ್ತದೆ. ಎರಡು ಪ್ರತಿ ಇದ್ದ ಮಕ್ಕಳು ಬೇಗ ಸತ್ತರೆ ಅವರ ಜೊತೆ ಆ ವಂಶವಾಹಿಯ ಎರಡು ಪ್ರತಿಗಳೂ ಹೋದವು. ತಲೆಮಾರು ಕಳೆದಂತೆ ಅದು ಕಡಿಮೆಯಾಗಬೇಕು. ಆದರೆ ಪೂರ್ವ ಆಫ್ರಿಕಾದ ಕೆಲವು ಕಡೆ ನೂರಕ್ಕೆ 40ರ ವರೆಗೂ ವಾಹಕರಿದ್ದರು! ಒಂದು ಪ್ರತಿ ಇದ್ದವರಿಗೆ ಏನೋ ಲಾಭವಿರಲೇಬೇಕು.

ದಡದ ಊರುಗಳಲ್ಲಿ ಮಲೇರಿಯಾ ಹರಡುವ ಸೊಳ್ಳೆ ಬಹಳ. ಎತ್ತರದ ಚಳಿಯಲ್ಲಿ ಆ ಸೊಳ್ಳೆಗೂ ಬಾಳಿಲ್ಲ, ಮಲೇರಿಯಾ ರೋಗಾಣುವಿಗೂ ಬಾಳಿಲ್ಲ. ಹಾಗಾದರೆ ಕುಡಗೋಲು ವಂಶವಾಹಿಯ ಒಂದು ಪ್ರತಿ ಮಲೇರಿಯಾದಿಂದ ಕಾಪಾಡುತ್ತಿರಬಹುದೇ? ಆಲಿಸನ್ ಅವರಿಗೆ ಹೊಳೆದದ್ದು ಇದೇ.

ಆದರೆ ಹೊಳೆದ ಮಾತ್ರಕ್ಕೆ ನಿಜವಾಗುವುದಿಲ್ಲ. ಸ್ವಲ್ಪ ಯೋಚಿಸಿ, ಸಮುದ್ರದ ದಡದವರೂ ಸರೋವರದ ದಡದವರೂ ಮೀನು ತಿನ್ನುವುದು ಹೆಚ್ಚು. ಹಾಗಂತ ಕಣ ಬಾಗಲು ಮೀನೇ ಕಾರಣ ಅನ್ನಬಹುದೇ? ಎರಡು ಸಂಗತಿ ಒಂದೇ ಕಡೆ ಜೊತೆಯಾಗಿ ಕಂಡರೆ ಒಂದರಿಂದ ಇನ್ನೊಂದು ಆಯಿತೆಂದು ಹೇಳಲಾಗದು. ಇದನ್ನು ಮರೆತ ದೊಡ್ಡವರೂ ಬಹಳ ಮಂದಿ ಇದ್ದಾರೆ. ದಡವನ್ನು ಬೆಟ್ಟಕ್ಕೆ ಹೋಲಿಸಿದರೆ ಸಾಲದು. ಒಂದೇ ಪ್ರದೇಶದಲ್ಲಿ, ಅದೇ ಸೊಳ್ಳೆಗಳ ನಡುವೆ ಬದುಕುವವರಲ್ಲಿ ವಾಹಕರನ್ನೂ ವಾಹಕರಲ್ಲದವರನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

1953ರಲ್ಲಿ, ಅಷ್ಟು ಹೊತ್ತಿಗೆ ವೈದ್ಯರಾಗಿದ್ದ ಆಲಿಸನ್ ಮತ್ತೆ ಆಫ್ರಿಕಾಕ್ಕೆ ಬಂದರು. ಈ ಸಲ ಯುಗಾಂಡದ ಕಂಪಾಲಾ ನಗರದ ಸುತ್ತಮುತ್ತ. ಅವರು ಆರಿಸಿಕೊಂಡದ್ದು ಚಿಕ್ಕ ಮಕ್ಕಳನ್ನು, ಮತ್ತು ಅದು ಬಹಳ ಜಾಣತನದ ಆಯ್ಕೆ. ಮಲೇರಿಯಾ ಇರುವ ಊರಿನಲ್ಲಿ ಬೆಳೆದು ದೊಡ್ಡವರಾದವರಿಗೆ ಅದು ಹತ್ತಾರು ಸಲ ಬಂದು ಹೋಗಿ ತಕ್ಕಮಟ್ಟಿಗೆ ತಡೆಯುವ ಶಕ್ತಿ ಬಂದಿರುತ್ತದೆ. ಅವರಲ್ಲಿ ವಂಶವಾಹಿಯಿಂದ ಬಂದ ರಕ್ಷಣೆ ಯಾವುದು, ರೂಢಿಯಿಂದ ಬಂದದ್ದು ಯಾವುದು ಅಂತ ಬಿಡಿಸುವುದು ಕಷ್ಟ. ಎಳೆಯ ಮಕ್ಕಳಲ್ಲಿ ಈ ಗೊಂದಲ ಕಡಿಮೆ.

ಒಟ್ಟು 290 ಮಕ್ಕಳ ರಕ್ತ ನೋಡಿದರು. ವಾಹಕರು 43 ಮಕ್ಕಳು, ಅವರಲ್ಲಿ 12 ಮಕ್ಕಳ ರಕ್ತದಲ್ಲಿ ಮಲೇರಿಯಾ ರೋಗಾಣು ಇತ್ತು. ಉಳಿದ 247 ಮಕ್ಕಳಲ್ಲಿ 113 ಮಕ್ಕಳಿಗೆ ಇತ್ತು. 12 ಎಲ್ಲಿ, 113 ಎಲ್ಲಿ ಅಂತ ಹೋಲಿಸುವಂತಿಲ್ಲ, ಗುಂಪುಗಳೇ ಸಮವಲ್ಲ. ನೂರಕ್ಕೆ ಎಷ್ಟು ಅಂತ ಲೆಕ್ಕ ಹಾಕಬೇಕು. ವಾಹಕರಲ್ಲಿ ನೂರಕ್ಕೆ ಸುಮಾರು 28, ಉಳಿದವರಲ್ಲಿ ನೂರಕ್ಕೆ ಸುಮಾರು 46.

ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆದರೂ ಒಬ್ಬರು ಎದ್ದು ನಿಂತು, ‘ಇದು ಆಕಸ್ಮಿಕ. ಆ 43 ಮಕ್ಕಳು ಅದೃಷ್ಟವಂತರು, ಅಷ್ಟೇ’ ಅಂದರೆ? ಅದು ನ್ಯಾಯವಾದ ಪ್ರಶ್ನೆ. ಈ ಪ್ರಶ್ನೆಗೆ ಉತ್ತರ ಕೊಡಲೆಂದೇ ಸಂಖ್ಯಾಶಾಸ್ತ್ರ ಇರುವುದು.

ನೀವೇ ಮಾಡಿ ನೋಡಬಹುದು. 290 ಕಾಗದದ ಚೀಟಿ ಕತ್ತರಿಸಿ. ರೋಗಾಣು ಇದ್ದ ಮಕ್ಕಳು ಒಟ್ಟು 125 ತಾನೆ? ಅಷ್ಟು ಚೀಟಿಗಳ ಮೇಲೆ ಒಂದು ಚುಕ್ಕೆ ಇಡಿ. ಎಲ್ಲವನ್ನೂ ಮಡಿಸಿ, ಚೀಲಕ್ಕೆ ಹಾಕಿ, ಚೆನ್ನಾಗಿ ಕಲಸಿ, ನೋಡದೆ 43 ಚೀಟಿ ಎತ್ತಿ. ಚುಕ್ಕೆ ಇರುವವು ಎಷ್ಟು ಬಂದವೆಂದು ಎಣಿಸಿ ಬರೆದಿಟ್ಟು, ಚೀಟಿಗಳನ್ನು ಮತ್ತೆ ಚೀಲಕ್ಕೆ ಹಾಕಿ. ಹೀಗೆ ಎಷ್ಟೋ ಸಲ ಮಾಡಿದರೆ ಸರಾಸರಿ 18 ಅಥವಾ 19 ಬರುತ್ತದೆ. ಐದರಲ್ಲಿ ನಾಲ್ಕು ಸಲ 15ರಿಂದ 22ರ ಒಳಗೇ ಇರುತ್ತದೆ. 12 ಅಥವಾ ಅದಕ್ಕಿಂತ ಕಡಿಮೆ ಬರುವುದು ನೂರಕ್ಕೆ ಸುಮಾರು ಎರಡೇ ಸಲ. ತರಗತಿಯ 30 ಮಕ್ಕಳೂ ಸೇರಿ ಒಬ್ಬೊಬ್ಬರು ಹತ್ತು ಸಲ ಎತ್ತಿದರೆ ಇದು ಒಂದು ಮಧ್ಯಾಹ್ನದಲ್ಲಿ ಮುಗಿಯುವ ಒಳ್ಳೆಯ ಕೆಲಸ.

ಬರೀ ಅದೃಷ್ಟದಿಂದ ಇಂಥ ಅಂತರ ಬರುವುದು ಅಪರೂಪ ಎಂದಾಯಿತು. ಇಪ್ಪತ್ತರಲ್ಲಿ ಒಂದು ಸಲಕ್ಕಿಂತ ಅಪರೂಪವಾದುದನ್ನು ಗಮನಿಸಬೇಕಾದದ್ದು ಎಂದು ಎಣಿಸುವ ರೂಢಿಯನ್ನು ಹರಡಿದವರು ಇಂಗ್ಲೆಂಡಿನ ರೊನಾಲ್ಡ್ ಫಿಷರ್. ಅವರು ಸಂಖ್ಯಾಶಾಸ್ತ್ರಜ್ಞರೂ ಹೌದು, ತಳಿವಿಜ್ಞಾನಿಯೂ ಹೌದು. ಕೇಂಬ್ರಿಡ್ಜ್‌ನಲ್ಲಿ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. ಮುಂದೆ ಜಗತ್ತಿನ ಅತಿ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ರಾವ್, ಆ ದಿನಗಳಲ್ಲಿ ಫಿಷರ್ ಅವರ ಪ್ರಯೋಗಾಲಯದ ಇಲಿಗಳ ವಂಶವಾಹಿಗಳ ಮೇಲೂ ಕೆಲಸ ಮಾಡಿದ್ದರು. ಹಡಗಲಿಯ ಮಕ್ಕಳಿಗೆ ಈ ಸಂಗತಿ ಗೊತ್ತಿರಬೇಕು ಎಂಬುದು ನನ್ನ ಆಸೆ.

ಆಲಿಸನ್ ಅಲ್ಲಿಗೇ ನಿಲ್ಲಲಿಲ್ಲ. ವಾಹಕರಾದ 15 ಜನ, ವಾಹಕರಲ್ಲದ 15 ಜನ ದೊಡ್ಡವರನ್ನು ಒಪ್ಪಿಸಿ, ಅವರಿಗೆ ಬೇಕೆಂದೇ ಮಲೇರಿಯಾ ರೋಗಾಣು ತಗಲಿಸಿದರು. ವಾಹಕರಲ್ಲದ 14 ಜನರ ರಕ್ತದಲ್ಲಿ ರೋಗಾಣು ಬೆಳೆಯಿತು. ವಾಹಕರಲ್ಲಿ ಬೆಳೆದದ್ದು ಇಬ್ಬರಲ್ಲಿ ಮಾತ್ರ. ಫಲಿತಾಂಶ ನಿಚ್ಚಳವಾಗಿತ್ತು ನಿಜ. ಆದರೆ ಜನರಿಗೆ ಹೀಗೆ ರೋಗ ತಗಲಿಸಿದ್ದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಇಂದು ಯಾರೇ ಇಂಥ ಪ್ರಯೋಗಕ್ಕೆ ಹೊರಟರೂ ನೀತಿ ಸಮಿತಿಯ ಕಠಿಣ ಪ್ರಶ್ನೆಗಳನ್ನು ಮೊದಲು ದಾಟಬೇಕು.

ಇದೆಲ್ಲ 1954ರಲ್ಲಿ ಪ್ರಕಟವಾಯಿತು. ನಂತರ ಬೇರೆಯವರೂ ಬೇರೆ ದೇಶಗಳಲ್ಲಿ ಎಣಿಸಿ ನೋಡಿದರು, ವಾಹಕ ಮಕ್ಕಳಿಗೆ ಜೀವ ತೆಗೆಯುವಂಥ ತೀವ್ರ ಮಲೇರಿಯಾ ಬಹಳ ಕಡಿಮೆ ಎಂಬುದು ಗಟ್ಟಿಯಾಯಿತು. ವಾಹಕರ ಕೆಂಪು ಕಣದೊಳಗೆ ರೋಗಾಣು ಚೆನ್ನಾಗಿ ಬೆಳೆಯದು. ಅದು ಹೊಕ್ಕ ಕಣ ಬೇಗ ಬಾಗುತ್ತದೆ, ಅಂಥ ಕಣಗಳನ್ನು ಗುಲ್ಮ, ಅಂದರೆ ಹೊಟ್ಟೆಯ ಎಡಭಾಗದ ಒಂದು ಅಂಗ, ಹಿಡಿದು ತೆಗೆದುಹಾಕುತ್ತದೆ. ಹಾಗಾಗಿ ಸೊಳ್ಳೆಯ ನಾಡಿನಲ್ಲಿ ಈ ವಂಶವಾಹಿಯ ಒಂದು ಪ್ರತಿ ಇದ್ದವರು ಹೆಚ್ಚು ಬದುಕಿ ಉಳಿದರು. ಸೊಳ್ಳೆಯಿಲ್ಲದ ಬೆಟ್ಟದಲ್ಲಿ ಅದರಿಂದ ಏನೂ ಲಾಭವಿಲ್ಲ. ಒಂದು ವಂಶವಾಹಿ ಒಳ್ಳೆಯದೋ ಕೆಟ್ಟದೋ ಎಂದು ಊರು ಯಾವುದೆಂದು ಕೇಳದೆ ಹೇಳಲಾಗದು!

ಅದೇ ದಶಕದಲ್ಲಿ ಕೇಂಬ್ರಿಡ್ಜ್‌ನ ವರ್ನನ್ ಇಂಗ್ರಾಂ ಹಿಮೋಗ್ಲೋಬಿನ್ನಿನ ಒಳಗನ್ನೇ ಬಿಡಿಸಿ ನೋಡಿದರು. 146 ಅಮೈನೊ ಆಮ್ಲಗಳ ಒಂದು ಸರಣಿಯಲ್ಲಿ ಆರನೆಯದು ಮಾತ್ರ ಬೇರೆ. ವಂಶವಾಹಿಯ ಮಟ್ಟದಲ್ಲಿ ಹೇಳುವುದಾದರೆ, ಸುಮಾರು 300 ಕೋಟಿ ಅಕ್ಷರಗಳಲ್ಲಿ ಒಂದೇ ಒಂದು ಅಕ್ಷರ ಬದಲು.

ಇಂದು ವಿಜ್ಞಾನಿಗಳು ಒಂದು ವಂಶವಾಹಿಯಲ್ಲ, ವಂಶವಾಹಿಗಳ ಉದ್ದಕ್ಕೂ ಲಕ್ಷಾಂತರ ಜಾಗಗಳನ್ನು ಒಟ್ಟಿಗೇ ಪರೀಕ್ಷಿಸುತ್ತಾರೆ. ಸಕ್ಕರೆ ಕಾಯಿಲೆ, ಹೃದ್ರೋಗ, ಆಸ್ತಮಾದ ಸುಳಿವುಗಳನ್ನು ಹೀಗೆಯೇ ಹುಡುಕುವುದು. ಆಗ ಹೊಸ ಅಪಾಯವೊಂದಿದೆ. ಹತ್ತು ಲಕ್ಷ ಜಾಗ ನೋಡಿ, ‘ಇಪ್ಪತ್ತರಲ್ಲಿ ಒಂದು’ ಎಂಬ ಹಳೆಯ ಅಳತೆ ಹಿಡಿದರೆ, ನಿಜವಾದ ಸಂಬಂಧ ಒಂದೂ ಇಲ್ಲದಿದ್ದರೂ 50,000 ಸುಳ್ಳು ಸುಳಿವುಗಳು ಸಿಗುತ್ತವೆ! ಅದಕ್ಕೇ ಈಗ ಎರಡು ಕೋಟಿಯಲ್ಲಿ ಒಂದು ಸಲಕ್ಕಿಂತ ಅಪರೂಪವಾಗಿದ್ದರೆ ಮಾತ್ರ ನಂಬುತ್ತಾರೆ. 2009ರಲ್ಲಿ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ಇಂಥ ಹುಡುಕಾಟ ನಡೆದಾಗ, ಅರ್ಧ ಶತಮಾನದಿಂದ ಗೊತ್ತಿದ್ದ ಕುಡಗೋಲು ವಂಶವಾಹಿಯ ಸುಳಿವೇ ಮೊದಲ ಸುತ್ತಿನಲ್ಲಿ ಈ ಗಡಿ ದಾಟಲಿಲ್ಲ. ಆ ಜಾಗವನ್ನು ಅಕ್ಷರ ಅಕ್ಷರವಾಗಿ ಓದಿ ಮತ್ತೆ ಲೆಕ್ಕ ಹಾಕಿದಾಗ ದಾಟಿತು. ಎಣಿಕೆ ಸರಿಯಿದ್ದರೂ ಓದು ಸೂಕ್ಷ್ಮವಾಗಿರಬೇಕು.

ಈ ಕಥೆಯಲ್ಲಿ ನಮ್ಮ ಪಾಲೂ ಇದೆ. ರಕ್ತದ ಇನ್ನೊಂದು ಕಾಯಿಲೆ ಥಲಸ್ಸೇಮಿಯಾಕ್ಕೂ ಮಲೇರಿಯಾಕ್ಕೂ ಇಂಥ ನಂಟಿರಬಹುದೆಂದು ಆಲಿಸನ್ ಅವರಿಗಿಂತ ಮೊದಲೇ ಹೇಳಿದ್ದ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್, 1957ರಲ್ಲಿ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದು ಭಾರತದ ಪ್ರಜೆಯೇ ಆದರು. ಅದಕ್ಕೂ ಮುಂಚೆ, 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ ಕುಡಗೋಲು ಕಣಗಳು ಪತ್ತೆಯಾಗಿದ್ದವು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಕುಡಗೋಲು ಕಣ ಕಾಯಿಲೆ ಇದೆ. ಭಾರತ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಇದರ ನಿರ್ಮೂಲನೆಯ ಕಾರ್ಯಕ್ರಮ ಆರಂಭಿಸಿತು. ಬುಡಕಟ್ಟು ಜನ ಹೆಚ್ಚಿರುವ ಪ್ರದೇಶಗಳಲ್ಲಿ 40 ವರ್ಷದೊಳಗಿನ ಏಳು ಕೋಟಿ ಜನರ ರಕ್ತ ಪರೀಕ್ಷಿಸುವುದು ಅದರ ಗುರಿ. ಪರೀಕ್ಷೆಯಾದವರಿಗೆ ಒಂದು ಕಾರ್ಡ್ ಕೊಡುತ್ತಾರೆ.

ನಿಮ್ಮ ಶಾಲೆಗೆ ಅಂಥ ತಂಡ ಬಂದರೆ ಹೆದರದೆ ಬೆರಳು ಚಾಚಿ, ಒಂದು ಹನಿ ರಕ್ತ ಕೊಡಿ. ಕಾರ್ಡ್ ಸಿಕ್ಕಿದರೆ ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸಿ. ಗೆಳೆಯನ ಕಾರ್ಡಿನಲ್ಲಿ ‘ವಾಹಕ’ ಎಂದಿದ್ದರೆ ಅವನೊಡನೆ ಎಂದಿನಂತೆ ಆಡಿ, ಅವನಿಗೆ ಕಾಯಿಲೆ ಇಲ್ಲ. ಕಾಯಿಲೆಯೇ ಇರುವ ಗೆಳತಿ ಇದ್ದರೆ ಅವಳು ಆಗಾಗ ನೀರು ಕುಡಿಯಲಿ, ಚಳಿಗೆ ಬೆಚ್ಚಗಿರಲಿ. ನೋವು ಅಂದ ದಿನ ಅವಳ ಮಾತನ್ನು ನಂಬಿ, ತಕ್ಷಣ ಟೀಚರಿಗೆ ತಿಳಿಸಿ.