ದಂಟಿಲ್ಲದ ಹೂವನ್ನು ಜೋಡಿಸುವುದು ಹೇಗೆ?

(ಓಕಳಿಪುರಂನ ಮಹಿಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)

ಹೂವಿನ ಬಗ್ಗೆ ಮಾತಾಡಲು ಪತ್ರಿಕೆಯ ವರದಿಗಾರ್ತಿಯನ್ನು ಕರೆದಿದ್ದೀರಿ. ಮಾತಾಡುತ್ತಲೇ ಎರಡು ಮಾರು ಮಲ್ಲಿಗೆ ಕಟ್ಟಿಬಿಡುವ ಅಮ್ಮಂದಿರು ಇಲ್ಲೇ ಕೂತಿದ್ದೀರಿ. ಆದರೂ 'ಫ್ಲವರ್ ಅರೇಂಜ್‌ಮೆಂಟ್' ಎಂದೊಡನೆ ಅದು ಲಾಲ್‌ಬಾಗಿನ ಗಾಜಿನ ಮನೆಯದು, ದೊಡ್ಡ ಹೋಟೆಲಿನದು, ನಮ್ಮದಲ್ಲ ಎಂದು ಹಿಂದೆ ಸರಿಯುತ್ತೇವೆ. ಏಕೆ?

ನನಗೆ ತೋಚುವ ಕಾರಣ ತೀರಾ ಸಣ್ಣದು. ದಂಟು! ನಮ್ಮಲ್ಲಿ ಹೂ ಬಿಡಿಸುವುದೇ ಕಟ್ಟುವುದಕ್ಕಾಗಿ. ಸೇವಂತಿಗೆ, ಚೆಂಡುಹೂಗಳನ್ನು ತೊಟ್ಟಿನ ಬಳಿಯೇ ಕಿತ್ತು ಕೆ.ಆರ್. ಮಾರುಕಟ್ಟೆಯಲ್ಲಿ ತೂಗಿ ಮಾರುತ್ತಾರೆ. ನಮ್ಮ ಬೀದಿಗೆ ಬರುವ ಹೊತ್ತಿಗೆ ಅವು ಮೊಳದ ಲೆಕ್ಕವಾಗಿರುತ್ತವೆ. ಹೂದಾನಿಯ ಕಲೆಯಾದರೋ ದಂಟಿನ ಸುತ್ತಲೇ ಬೆಳೆದದ್ದು. ಜಪಾನಿನ ಇಕೆಬಾನದಲ್ಲಿ, 1927ರಲ್ಲಿ ಆರಂಭವಾದ ಸೊಗೆತ್ಸು ಪಂಥದವರ ಲೆಕ್ಕ ನೋಡಿ. ಪಾತ್ರೆಯ ಅಗಲ, ಎತ್ತರ ಎರಡನ್ನೂ ಕೂಡಿ, ಅದರ ಒಂದೂವರೆಯಷ್ಟು ಉದ್ದ ಮೊದಲ ದಂಟು. ಅದರ ಮುಕ್ಕಾಲು ಎರಡನೆಯದು, ಎರಡನೆಯದರ ಮುಕ್ಕಾಲು ಮೂರನೆಯದು. 6 ಅಂಗುಲ ಅಗಲ, 2 ಅಂಗುಲ ಎತ್ತರದ ಬಟ್ಟಲಾದರೆ 12, 9, ಸುಮಾರು 7 ಅಂಗುಲ. ಸ್ಕೇಲು ಹಿಡಿಯಬೇಕಿಲ್ಲ, ಕಣ್ಣಳತೆ ಸಾಕು.

ಅಷ್ಟುದ್ದದ ದಂಟು ಬೇಕೆಂದರೆ ಸುಗಂಧರಾಜ ಕೊಳ್ಳಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಸುವಾಸಿನಿ' ತಳಿ ಎಸಳು ತುಂಬಿದ್ದು, ಹೂದಾನಿಗೆ ಚೆನ್ನ. ಕೆಳಗಿನ ಹೂ ಮೊದಲು ಅರಳಿ ಮೊದಲು ಬಾಡುತ್ತದೆ. ಅದನ್ನು ಕಿತ್ತುಹಾಕುತ್ತಿದ್ದರೆ ಮೇಲಿನ ಮೊಗ್ಗು ಬಿರಿಯುತ್ತವೆ. ದಂಟಿನ ತುದಿಯನ್ನು ನೀರೊಳಗೆ ಮುಳುಗಿಸಿಕೊಂಡೇ ಓರೆಯಾಗಿ ಕತ್ತರಿಸಿ. ಹೊರಗೆ ಕತ್ತರಿಸಿದರೆ ಅದರ ನಾಳಗಳಿಗೆ ಗಾಳಿ ನುಗ್ಗಿ ನೀರು ಏರುವುದು ತಡೆಯುತ್ತದೆ. ನೀರಿಗೆ ತಾಗುವ ಎಲೆ ತೆಗೆಯಿರಿ, ಅವು ಕೊಳೆತು ಬ್ಯಾಕ್ಟೀರಿಯಾ ಬೆಳೆಯುತ್ತವೆ. ದಿನವೂ ನೀರು ಬದಲಿಸಿ. ಇನ್ನೊಂದು, ಹೂದಾನಿಯ ಪಕ್ಕ ಮಾಗಿದ ಬಾಳೆಹಣ್ಣು ಬೇಡ. ಹಣ್ಣು ಬಿಡುವ ಎಥಿಲೀನ್ ಅನಿಲ ಎಷ್ಟೋ ಹೂಗಳನ್ನು ಬೇಗ ಮುದಿಯಾಗಿಸುತ್ತದೆ. (ಪೂಜೆಯ ತಟ್ಟೆಯಲ್ಲಿ ಎರಡೂ ಜೊತೆಗೇ ಇರುತ್ತವಲ್ಲ ಎನ್ನಬೇಡಿ, ಅದು ಒಂದು ದಿನದ ಮಾತು.)

ದಂಟನ್ನು ನಿಲ್ಲಿಸುವುದು ಯಾವುದರಲ್ಲಿ? 1954ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಹಸಿರು ಫೋಮ್ ಈಗ ಎಷ್ಟೋ ಬೊಕೆಗಳಲ್ಲಿ ಇದೆ. ಅದು ಪ್ಲಾಸ್ಟಿಕ್, ಮಣ್ಣಿನಲ್ಲಿ ಕರಗದು, ಪುಡಿಯಾಗುತ್ತದಷ್ಟೆ. ನನಗೇನೋ ಅದು ಹಿಡಿಸುವುದಿಲ್ಲ. ಹಬ್ಬಕ್ಕೆ ಬಾಗಿಲಿಗೆ ಕಟ್ಟಿದ ಬಾಳೆಕಂದಿನ ಮೂರು ಅಂಗುಲದ ತುಂಡನ್ನು ಬಟ್ಟಲಿನಲ್ಲಿಟ್ಟು, ಕಡ್ಡಿಯಿಂದ ತೂತು ಮಾಡಿ ದಂಟು ಸಿಕ್ಕಿಸಿ. ಕೊಳೆಯುವ ಮುನ್ನ ಬದಲಿಸಿದರಾಯಿತು.

ಇನ್ನು ದಂಟೇ ಇಲ್ಲದ ಹೂ. ರೈಲು ನಿಲ್ದಾಣದ ಬೆನ್ನಿಗಿರುವ ನಿಮ್ಮ ಈ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಬಾಡಿಗೆ ಮನೆಗಳೇ ಹೆಚ್ಚು. ಎತ್ತರದ ಹೂದಾನಿ ಇಟ್ಟರೆ ಮಕ್ಕಳ ಕೈ ತಾಗಿ ಉರುಳೀತು. ಅಗಲ ಬಾಯಿಯ ಹಿತ್ತಾಳೆ ಪಾತ್ರೆಗೆ ನೀರು ತುಂಬಿ, ಸೇವಂತಿಗೆ, ಚೆಂಡುಹೂಗಳನ್ನು ಮುಖ ಮೇಲಾಗಿ ತೇಲಿಬಿಡಿ. ನೀರನ್ನು ಪೂರ್ತಿ ಮುಚ್ಚಬೇಡಿ, ಅರ್ಧವಾದರೂ ಕಾಣಲಿ. ಅಂದವೆಲ್ಲ ಅಲ್ಲೇ ಇದೆ. ದಾಸವಾಳಕ್ಕೆ ನೀರೂ ಬೇಡ, ಕಿತ್ತಿಟ್ಟರೂ ಸಂಜೆವರೆಗೆ ಅರಳಿಯೇ ಇರುತ್ತದೆ. ಕೈ ತಾಗಿದರೆ ಕಂದುವ ಸಂಪಿಗೆಯನ್ನು ಗಾಜಿನ ಸೀಸೆಯಲ್ಲಿ ನೀರು ತುಂಬಿ ಮುಳುಗಿಸಿ, ಮುಚ್ಚಳ ಹಾಕಿಡುವ ರೂಢಿ ನಮ್ಮಲ್ಲಿ ಹಳೆಯದು. ವರಮಹಾಲಕ್ಷ್ಮಿ ಹಬ್ಬದ ವಾರ ಹೂವಿನ ಬೆಲೆ ಏರಿದಾಗ ಹೊಸದಾಗಿ ಏನನ್ನೂ ಕೊಳ್ಳಬೇಡಿ. ಮರುದಿನ ಕಳಶದಿಂದ ತೆಗೆದ ಹೂಗಳಲ್ಲಿ ಬಾಡದ ಹತ್ತನ್ನು ಆರಿಸಿ, ಬಟ್ಟಲಿಗೆ ಹಾಕಿ ನೋಡಿ.