ಅಂತರ್ಜಲ: ಗಡಿಯಿಲ್ಲದ ನೀರಿಗೆ ಮಿತಿಯ ನ್ಯಾಯ

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನೀರಿನ ವಿಷಯ ಬಂದಾಗಲೆಲ್ಲಾ ನಾವು ಮದೀನಾದ ರೂಮಾ ಬಾವಿಯನ್ನು ಸ್ಮರಿಸುತ್ತೇವೆ. ಹಣಕ್ಕೆ ಮಾರಾಟವಾಗುತ್ತಿದ್ದ ಆ ನೀರನ್ನು ಹಝ್ರತ್ ಉಸ್ಮಾನ್(ರ) ಖರೀದಿಸಿ ಜನರಿಗೆ ಮುಕ್ತಗೊಳಿಸಿದರೆಂಬುದು ನಮ್ಮ ಮಕ್ಕಳಿಗೂ ತಿಳಿದಿದೆ. ಆದರೆ ನೀರಿನ ದಾನದ ಕುರಿತು ಮಾತನಾಡುವ ಉತ್ಸಾಹ ನೀರಿನ ನ್ಯಾಯದ ಕುರಿತು ಮಾತನಾಡುವಾಗ ನಮ್ಮಲ್ಲಿ ಕಾಣುವುದಿಲ್ಲ. ಒಬ್ಬನ ಬಾವಿಯ ಪಕ್ಕದಲ್ಲೇ ಇನ್ನೊಬ್ಬ ಬಾವಿ ತೋಡಬಹುದೇ? ಅದರಿಂದ ನೆರೆಯವನ ಬಾವಿ ಬತ್ತಿದರೆ ಹೊಣೆ ಯಾರದು? ಈ ಪ್ರಶ್ನೆಗಳನ್ನು ಮುಂದಿಡಲು ಮಳೆಯೇ ಅಪರೂಪವಾದ ನಾಡೊಂದರ ಕಡೆಗೆ ತಮ್ಮ ಗಮನ ಸೆಳೆಯಬಯಸುತ್ತೇವೆ.

ಜೋರ್ಡಾನಿನ ದಕ್ಷಿಣ ಭಾಗ ಮತ್ತು ಸೌದಿ ಅರೇಬಿಯಾದ ಉತ್ತರ ಭಾಗದ ಮರುಭೂಮಿಯ ಅಡಿಯಲ್ಲಿ ಮರಳುಗಲ್ಲಿನ ವಿಶಾಲ ಪದರವೊಂದಿದೆ. ಜೋರ್ಡಾನಿನವರು ಅದನ್ನು ದಿಸಿ ಎನ್ನುತ್ತಾರೆ, ಸೌದಿಯವರು ಸಾಕ್ ಎನ್ನುತ್ತಾರೆ. ಹೆಸರು ಎರಡಾದರೂ ಅದರೊಳಗಿನ ನೀರು ಒಂದೇ. ಸಾವಿರಾರು ವರ್ಷಗಳ ಹಿಂದೆ, ಆ ಪ್ರದೇಶದಲ್ಲಿ ಹೆಚ್ಚು ಮಳೆಯಾಗುತ್ತಿದ್ದ ಕಾಲದಲ್ಲಿ ಇಂಗಿದ ನೀರದು. ಇಂದಿನ ಅಲ್ಪ ಮಳೆ ಅದನ್ನು ಮರಳಿ ತುಂಬಲಾರದು. ಖರ್ಚು ಮಾಡಿದಷ್ಟೂ ಕರಗುವ ಇಡುಗಂಟಿನಂತೆ ಅದು.

1980ರ ದಶಕದಲ್ಲಿ ಎರಡೂ ದೇಶಗಳು ಈ ಇಡುಗಂಟಿಗೆ ಕೈ ಹಾಕಿದವು. ಸೌದಿ ಸರಕಾರವು ಆಹಾರ ಸ್ವಾವಲಂಬನೆಯ ಉದ್ದೇಶದಿಂದ ರೈತರ ಗೋಧಿಯನ್ನು ಜಾಗತಿಕ ಮಾರುಕಟ್ಟೆಗಿಂತ ಬಹಳ ಹೆಚ್ಚಿನ ಬೆಲೆಗೆ ಖರೀದಿಸಿತು. ತಬೂಕ್, ಕಸೀಮ್ ಪ್ರಾಂತ್ಯಗಳ ಮರಳಿನ ನಡುವೆ ವೃತ್ತಾಕಾರದ ಹಸಿರು ಹೊಲಗಳು ಎದ್ದವು. 1990ರ ದಶಕದ ಆರಂಭದ ವೇಳೆಗೆ ಆ ದೇಶ ಗೋಧಿಯನ್ನು ರಫ್ತು ಮಾಡತೊಡಗಿತ್ತು. ಗೋಧಿಯ ಜೊತೆ ಮರಳಿ ಬಾರದ ನೀರೂ ರಫ್ತಾಗುತ್ತಿತ್ತು. ಇತ್ತ ಜೋರ್ಡಾನ್ ಕೂಡಾ ದಿಸಿ ಪ್ರದೇಶದ ಭೂಮಿಯನ್ನು ದೊಡ್ಡ ಕೃಷಿ ಕಂಪೆನಿಗಳಿಗೆ ಗುತ್ತಿಗೆ ನೀಡಿತು. ನಾವು ಎತ್ತದಿದ್ದರೆ ಅವರು ಎತ್ತುತ್ತಾರೆ ಎಂಬ ಭಯವಿರುವಲ್ಲಿ ಉಳಿತಾಯ ಮಾಡುವವನು ಮೂರ್ಖನೆನಿಸಿಕೊಳ್ಳುತ್ತಾನೆ. ಹಂಚಿಕೊಂಡ ಅಂತರ್ಜಲದ ಮೂಲ ಸಮಸ್ಯೆ ಇದುವೇ.

ಇದರ ಬೆಲೆ ತೆರಬೇಕಾಗಿ ಬಂತು. 2008ರಲ್ಲಿ ಸೌದಿ ಸರಕಾರ ಗೋಧಿ ಖರೀದಿಯನ್ನು ಹಂತ ಹಂತವಾಗಿ ನಿಲ್ಲಿಸಲು ತೀರ್ಮಾನಿಸಿ 2016ರಲ್ಲಿ ನಿಲ್ಲಿಸಿತು. ಮುಂದೆ ಮಿತಿಯೊಳಗೆ ಮಾತ್ರ ಮತ್ತೆ ಅವಕಾಶ ನೀಡಿತು. ಜೋರ್ಡಾನಿನ ಸ್ಥಿತಿ ಇನ್ನೂ ಕಠಿಣ. ವರ್ಷಕ್ಕೆ ತಲಾ 500 ಘನ ಮೀಟರಿಗಿಂತ ಕಡಿಮೆ ನೀರಿದ್ದರೆ ಅದನ್ನು ತೀವ್ರ ಅಭಾವವೆಂದು ತಜ್ಞರು ಪರಿಗಣಿಸುತ್ತಾರೆ. ಜೋರ್ಡಾನಿನಲ್ಲಿ ಅದು 100 ಘನ ಮೀಟರಿಗೂ ಕಡಿಮೆ. 2013ರಿಂದ ದಿಸಿಯ ನೀರು ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ರಾಜಧಾನಿ ಅಮ್ಮಾನ್‌ಗೆ ಹರಿಯುತ್ತಿದೆ. ವರ್ಷಕ್ಕೆ 10 ಕೋಟಿ ಘನ ಮೀಟರ್ ಒಯ್ಯಲು ಈ ಯೋಜನೆ ರೂಪುಗೊಂಡಿದೆ. ಹೊಲಕ್ಕೆ ಚೆಲ್ಲಿದ ನೀರು ಇಂದು ಲಕ್ಷಾಂತರ ಜನರ ಕುಡಿಯುವ ನೀರು.

ಈ ಕಥೆಯಲ್ಲಿ ನಮಗೆ ಆಶಾದಾಯಕವಾಗಿ ಕಾಣುವುದು 2015ರ ಏಪ್ರಿಲ್ ತಿಂಗಳ ಘಟನೆ. ಎರಡೂ ದೇಶಗಳು ರಿಯಾದ್‌ನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಪ್ರಕಾರ ಗಡಿಯ ಇಕ್ಕೆಲಗಳಲ್ಲಿ ಯಾರೂ ನೀರೆತ್ತಬಾರದ ಸಂರಕ್ಷಿತ ವಲಯವೊಂದಿದೆ. ಅದರಾಚೆಗಿನ ನಿರ್ವಹಣಾ ವಲಯದಲ್ಲಿ ಜನವಸತಿಯ ಬಳಕೆಗೆ ಮಾತ್ರ ನೀರು. ಉಸ್ತುವಾರಿಗೆ ಎರಡೂ ಕಡೆಯ ಜಂಟಿ ತಾಂತ್ರಿಕ ಸಮಿತಿ. ಯಾರು ಎಷ್ಟು ಎತ್ತಬಹುದೆಂಬ ಪಾಲು ಅದರಲ್ಲಿಲ್ಲ, ಇದೊಂದು ಕೊರತೆಯೇ. ಆದರೂ ನೆರೆಯವನ ನೀರಿಗೆ ಇಷ್ಟು ಹತ್ತಿರ ನಾನು ಪಂಪು ಇಡಲಾರೆ ಎಂದು ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ.

ಸಹೋದರರೇ, ಫಿಕ್‌ಹ್ ಓದಿದವರಿಗೆ ಈ ಸಂರಕ್ಷಿತ ವಲಯ ಹೊಸದೆನಿಸದು. ಬಾವಿಯ ಸುತ್ತಲಿನ ಕಾಪಿನ ಜಾಗಕ್ಕೆ ಹರೀಮ್ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಉಸ್ಮಾನಿಯಾ ಕಾನೂನು ಸಂಹಿತೆಯಾದ ಮಜಲ್ಲಾ ಅದನ್ನು ಎಲ್ಲ ದಿಕ್ಕಿಗೂ ನಲ್ವತ್ತು ಮೊಳವೆಂದು ನಿಗದಿಪಡಿಸಿತು. ಭೂಮಿಯಡಿ ಹರಿಯುವ ನೀರು ಯಾರೊಬ್ಬರ ಸ್ವತ್ತಲ್ಲ ಎಂದೂ ಅದು ಹೇಳುತ್ತದೆ.

ಆದರೆ ಇಷ್ಟು ಹೇಳಿ ಬೆನ್ನು ತಟ್ಟಿಕೊಂಡರೆ ಸಾಲದು. ಈ ಹರೀಮ್ ಯಾರ ಒಡೆತನದಲ್ಲೂ ಇಲ್ಲದ ಭೂಮಿಯಲ್ಲಿ ತೋಡಿದ ಬಾವಿಗೆ ಮಾತ್ರ. ಸ್ವಂತ ಜಮೀನಿನ ಬಾವಿಗೆ ಅದೇ ಮಜಲ್ಲಾ ಹರೀಮ್ ನೀಡುವುದಿಲ್ಲ. ನೆರೆಯವನು ತನ್ನ ಜಮೀನಿನಲ್ಲಿ ಬಾವಿ ತೋಡಿ ನೀರು ಸೆಳೆದರೆ ತಡೆಯುವಂತಿಲ್ಲ. ನಮ್ಮ ದೇಶದ 1882ರ ಈಸ್‌ಮೆಂಟ್ಸ್ ಕಾಯ್ದೆಯ ನಿಲುವೂ ಬಹುತೇಕ ಇದೇ. ಜಮೀನಿನ ಒಡೆಯನಿಗೆ ಅದರಡಿಯ ನೀರೆತ್ತುವ ಹಕ್ಕಿದೆ. ಹಗ್ಗ ಮತ್ತು ಕೊಡದ ಕಾಲದಲ್ಲಿ ಇದರಿಂದ ದೊಡ್ಡ ಅನ್ಯಾಯವಾಗುತ್ತಿರಲಿಲ್ಲ. ಇಂದು ಸಬ್‌ಮರ್ಸಿಬಲ್ ಪಂಪು ನಲ್ವತ್ತು ಮೊಳದಾಚೆಗೂ ನೀರು ಸೆಳೆಯುತ್ತದೆ. ಹೀಗಿರುವಾಗ ಹಳೆಯ ಅಳತೆಗೆ ಜೋತು ಬೀಳುವುದು ಆ ನಿಯಮದ ಆಶಯಕ್ಕೇ ಮಾಡುವ ದ್ರೋಹ. ಇತರರಿಗೆ ಹಾನಿ ಮಾಡಬಾರದೆಂಬ ಮೂಲತತ್ವವೂ ಅದೇ ಮಜಲ್ಲಾದಲ್ಲಿದೆ. ಅಂತರ್ಜಲದ ನಿಯಮ ಆ ತತ್ವದಿಂದ ಹೊರಡಬೇಕು ಎಂಬುದು ನಮ್ಮ ವಾದ.

ಒಮಾನಿನ ಫಲಜ್‌ಗಳು ಇದಕ್ಕೆ ನಿದರ್ಶನ. ಇವುಗಳಲ್ಲಿ ಹಲವು, ಭೂಗತ ಕಾಲುವೆಯ ಮೂಲಕ ನೀರನ್ನು ಇಳಿಜಾರಿನ ಬಲದಿಂದಲೇ ಊರಿಗೆ ತರುತ್ತವೆ. ಕುಡಿಯುವ ನೀರಿಗೆ ಮೊದಲ ಸ್ಥಾನ. ತೋಟಗಳ ಪಾಲನ್ನು ಹಗಲು ನೆರಳಿನಿಂದ, ರಾತ್ರಿ ನಕ್ಷತ್ರಗಳಿಂದ ಅಳೆಯುತ್ತಿದ್ದರು. 2006ರಲ್ಲಿ ಯುನೆಸ್ಕೊ ಇಂತಹ ಐದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹರಿದಷ್ಟನ್ನೇ ಹಂಚಿಕೊಳ್ಳುವುದು ಅದರ ಗುಟ್ಟು. ಬಹಮನಿಯರ ಬೀದರಿನ ಕರೇಜ್ ಕೂಡಾ ಇದೇ ತಂತ್ರದ್ದು. ಅಂದರೆ ಈ ಪಾಠ ನಮ್ಮ ನಾಡಿಗೆ ಪರಕೀಯವಲ್ಲ.

ಆದರೆ ನಮ್ಮ ಬಯಲುಸೀಮೆಯಲ್ಲಿ ಇಂದೇನು ನಡೆಯುತ್ತಿದೆ? ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಬೋರ್‌ವೆಲ್ ಸಾವಿರ ಅಡಿಯನ್ನು ದಾಟಿದೆ. ಹಣವಿದ್ದವನು ಆಳಕ್ಕೆ ಇಳಿಯುತ್ತಾನೆ. ಇಲ್ಲದವನು ಸಾಲ ಮಾಡಿ ಕೊರೆದು ಒಣ ಮಣ್ಣನ್ನು ಕಾಣುತ್ತಾನೆ. 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಂತೆ ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ಕೊರೆಯಲು ಅನುಮತಿ ಬೇಕು. ಆದರೆ ಊರಿನ ಎಚ್ಚರವಿಲ್ಲದೆ ಕಾಯ್ದೆಯೊಂದೇ ಏನು ಮಾಡೀತು?

ಹಾಗಾದರೆ ನಾವೇನು ಮಾಡಬಹುದು? ಊರಿನ ಬಾವಿ, ಬೋರ್‌ವೆಲ್‌ಗಳ ನೀರಿನ ಮಟ್ಟವನ್ನು ಮಳೆಗಾಲದ ಮೊದಲು ಮತ್ತು ನಂತರ ಅಳೆದು ಎಲ್ಲರಿಗೂ ಕಾಣುವಂತೆ ಬರೆದಿಡೋಣ. ಈ ಕೆಲಸವನ್ನು ಜಮಾಅತ್‌ಗಳು ಪಂಚಾಯತಿನೊಂದಿಗೆ, ನೆರೆಯ ಹಿಂದೂ, ಕ್ರೈಸ್ತ ಬಾಂಧವರೊಂದಿಗೆ ಸೇರಿಯೇ ಮಾಡಬೇಕು. ಏಕೆಂದರೆ ಭೂಮಿಯಡಿಯ ನೀರಿಗೆ ಜಾತಿ, ಧರ್ಮಗಳ ಮೊಹಲ್ಲಾ ಇಲ್ಲ. ಕುಡಿಯುವ ನೀರಿನ ಬಾವಿಯ ಸುತ್ತ ಹೊಸ ಬೋರ್‌ವೆಲ್ ಕೊರೆಯದ ವಲಯವನ್ನು ಊರವರೇ ಒಪ್ಪಿ ನಿಗದಿಪಡಿಸಲಿ. ಬೇಸಿಗೆಯಲ್ಲಿ ಯಾವ ಬೆಳೆಗೆ ಎಷ್ಟು ನೀರೆಂಬುದನ್ನು ಕೂಡಿ ತೀರ್ಮಾನಿಸಲಿ. ಮಸೀದಿಯ ಛಾವಣಿಯ ಮಳೆನೀರು ಚರಂಡಿಗೆ ಹೋಗದೆ ನೆಲಕ್ಕೆ ಇಂಗಲಿ.

ಎರಡು ದೇಶಗಳು ಮೂರು ದಶಕ ನೀರೆತ್ತಿದ ಬಳಿಕ ಒಂದು ಮೇಜಿನ ಮುಂದೆ ಕುಳಿತವು. ಒಂದೇ ಊರಿನವರಾದ ನಾವು ಅಷ್ಟು ಕಾಲ ಕಾಯಬೇಕಾಗಿಲ್ಲ. ಹೊಸ ಬೋರ್‌ವೆಲ್ ಕೊರೆಸುವ ಮೊದಲು ನೆರೆಯವನ ಬಾವಿಯಲ್ಲಿ ಎಷ್ಟು ನೀರಿದೆಯೆಂದು ವಿಚಾರಿಸುವ ಸಂಪ್ರದಾಯ ನಮ್ಮಿಂದಲೇ ಆರಂಭವಾಗಲಿ ಎಂದು ಹಾರೈಸುತ್ತಾ ಮಾತು ಮುಗಿಸುತ್ತೇವೆ.